ಮೂರನೆಯ ಕೋಣೆಗೆ ಎರಡು ಕುಟುಂಬ

ಕಳೆದ ಸಂಚಿಕೆಯಲ್ಲಿ ಪುಸ್ತಕ ಭಂಡಾರದ ಗೆದ್ದಲಿನ ಪ್ರಕರಣವನ್ನು ಬರೆದು ಮುಗಿಸುವಾಗ, ಮುಂದಿನ ಸಲ ಅತಿಥಿಗೃಹದ ಕೋಣೆಗಳ ವಿಚಾರ ಹೇಳುತ್ತೇವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಗೆದ್ದಲಿಗಿಂತ ಇದು ಕಠಿನವಾದ ವಿಷಯ. ಗೆದ್ದಲು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಕೋಣೆಯ ಕಥೆಯಾಗಿ ಆರಂಭವಾಗುವ ಈ ಬರಹ ಸ್ವಲ್ಪ ದೂರ ಹೋಗುವುದರೊಳಗೆ ಕಂಪ್ಯೂಟರಿನ ಹೊಟ್ಟೆಯೊಳಗೆ ಹೊಕ್ಕುಬಿಡುತ್ತದೆ. ಅಷ್ಟಕ್ಕೇ ಹಿರಿಯ ಸದಸ್ಯರು ಪುಟ ತಿರುವಬಾರದೆಂದು ಪ್ರಾರ್ಥನೆ. ನಮ್ಮ ಮನೆಗಳಲ್ಲಿ ಮಗನೋ ಸೊಸೆಯೋ ಮೊಮ್ಮಗಳೋ ಪುಣೆಯಲ್ಲಿ, ಹೈದರಾಬಾದಿನಲ್ಲಿ ಇದೇ ಉದ್ಯೋಗದಲ್ಲಿದ್ದಾರೆ. ದಿನವಿಡೀ ಏನು ಮಾಡುತ್ತೀಯಪ್ಪಾ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಅವರು ಹೇಳದೆ ಬಿಟ್ಟದ್ದರಲ್ಲಿ ಒಂದು ಚೂರು ಇಲ್ಲಿ ಸಿಕ್ಕೀತು.

ಸಂಘದ ಮೇಲಿನ ಮಹಡಿಯಲ್ಲಿ ಐದು ಕೋಣೆಗಳಿರುವುದು ಮುಂಬಯಿಯ ನಮ್ಮ ಸದಸ್ಯರಿಗೆಲ್ಲ ಗೊತ್ತು. ಪರೇಲಿನ ಆಸ್ಪತ್ರೆಗಳಿಗೆ ಊರಿನಿಂದ ಬರುವ ರೋಗಿಗಳಿಗೂ ಅವರ ಜೊತೆಯವರಿಗೂ ಅವು ಮೀಸಲು. ಬಾಡಿಗೆ ಹೆಸರಿಗೆ ಮಾತ್ರ. ಕೋಣೆಗಳು ಐದೇ, ಕೇಳುವವರು ದಿನಕ್ಕೆ ಹತ್ತು ಹನ್ನೆರಡು ಮಂದಿ. ಈ ಲೆಕ್ಕವೇ ಎಲ್ಲ ಫಜೀತಿಗೂ ಮೂಲ.

2023ರ ಆಗಸ್ಟ್ ತಿಂಗಳ ಒಂದು ಮಳೆಯ ರಾತ್ರಿ ಗದಗದ ಕಡೆಯ ರೈತರೊಬ್ಬರು, ಗಂಟಲ ಬೇನೆಯಿಂದ ಮಾತೇ ಆಡಲಾರದ ಹೆಂಡತಿಯನ್ನು ಕೈಹಿಡಿದು ನಡೆಸಿಕೊಂಡು ಬಂದು ಮೂರನೆಯ ಕೋಣೆಯ ಬಾಗಿಲು ತಟ್ಟಿದರು. ಒಳಗಿನಿಂದ ಬಾಗಿಲು ತೆಗೆದವರು ಕುಮಟೆಯವರು. ಸಂಜೆಯೇ ಬಂದು, ಚಿಕಿತ್ಸೆಗೆ ಕರೆತಂದಿದ್ದ ಮಗುವನ್ನು ಆಗಷ್ಟೇ ಮಲಗಿಸಿದ್ದರು.

"ಸಾಹೇಬ್ರ, ಮೂರನೇ ಕೋಣಿ ನಿಮ್ಮ ಹೆಸರಿಲೇ ಬರದೇವಿ ಅಂತ ಫೋನಿನ್ಯಾಗ ಹೇಳಿದ್ರಲ್ಲರಿ" ಎಂದರು ಗದಗದವರು. "ನಮಗೂ ಹಾಗೇ ಹೇಳಿದ್ದಾರಲ್ಲ" ಎಂದರು ಕುಮಟೆಯವರು. ಇಬ್ಬರಲ್ಲಿ ಯಾರೂ ಸುಳ್ಳಾಡಿರಲಿಲ್ಲ. ಕಂಪ್ಯೂಟರನ್ನು ತೆರೆದು ನೋಡಿದರೆ, ಅದೇ ಕೋಣೆಗೆ ಅದೇ ರಾತ್ರಿಗೆ ಇಬ್ಬರ ಹೆಸರೂ ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಇದ್ದವು. ಉಳಿದ ನಾಲ್ಕು ಕೋಣೆಗಳೂ ಭರ್ತಿ. ಆ ರಾತ್ರಿ ಗದಗದ ದಂಪತಿಗಳು ಸಭಾಂಗಣದ ವೇದಿಕೆಯ ಹಿಂದೆ ಜಮಖಾನೆ ಹಾಸಿಕೊಂಡು ಮಲಗಿದರು. ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯಲ್ಲಿ ಸರದಿ ಹಿಡಿಯಬೇಕಾಗಿದ್ದವರು ಅವರು. ನಾವು ಕೈಮುಗಿದು ಕ್ಷಮೆ ಕೇಳಿದೆವು. "ಇರಲಿ ಬಿಡ್ರಿ, ತಲಿ ಮ್ಯಾಲ ಸೂರು ಐತಲ್ಲ" ಎಂದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಮಾರನೆಯ ದಿನ ವಿಚಾರಣೆ ನಡೆಯಿತು. ಹಿಂದೆ ಕೋಣೆಗಳಿಗೆ ಒಂದು ಉದ್ದನೆಯ ರಿಜಿಸ್ಟರು ಇತ್ತು. ಅದು ವ್ಯವಸ್ಥಾಪಕರ ಮೇಜಿನ ಮೇಲೆ, ಲೇಖನಿಯನ್ನು ದಾರದಿಂದ ಕಟ್ಟಿಸಿಕೊಂಡು ಕುಳಿತಿರುತ್ತಿತ್ತು. ಒಂದೇ ಪುಸ್ತಕ, ಒಂದೇ ಲೇಖನಿ. ಒಬ್ಬರು ಬರೆಯುವಾಗ ಇನ್ನೊಬ್ಬರು ಕಾಯಲೇಬೇಕು. ರೈಲ್ವೆಯಲ್ಲಿಯೂ ಹಿಂದೆ ಮುಂಗಡ ಸೀಟುಗಳು ಹೀಗೆಯೇ ದೊಡ್ಡ ದಫ್ತರಗಳಲ್ಲಿ ಬರೆದಾಗುತ್ತಿದ್ದುದನ್ನು ನಮ್ಮ ಹಿರಿಯರು ಮರೆತಿರಲಾರರು. ಒಂದು ಗಾಡಿಯ ದಫ್ತರ ಒಬ್ಬ ಗುಮಾಸ್ತರ ಮುಂದೆ ಇದ್ದರೆ, ಅದೇ ಬರ್ತನ್ನು ಪಕ್ಕದ ಗುಮಾಸ್ತರು ಕೊಡುವುದು ಸಾಧ್ಯವೇ ಇರಲಿಲ್ಲ. ಸರದಿ ನಿಂತು ಕಾಲು ನೋಯುತ್ತಿತ್ತೆಂಬುದೇನೋ ನಿಜ. 2002ರಲ್ಲಿ ರೈಲಿನ ಟಿಕೆಟನ್ನು ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ಕೊಳ್ಳುವ ಏರ್ಪಾಡು ಬಂದಮೇಲೆ ಕಾಲಿನ ನೋವು ಹೋಯಿತು. ಆದರೆ ಒಂದು ಬರ್ತಿನ ಮೇಲೆ ಒಂದೇ ಕ್ಷಣದಲ್ಲಿ ಸಾವಿರ ಬೆರಳುಗಳು ಬೀಳತೊಡಗಿದವು. ನಮ್ಮದು ಸಾವಿರವಲ್ಲ, ಎರಡೇ ಬೆರಳು. ತೊಂದರೆ ಮಾತ್ರ ಅದೇ ಜಾತಿಯದು.

ನಡೆದದ್ದಿಷ್ಟು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಚೇರಿಯ ವ್ಯವಸ್ಥಾಪಕರಿಗೆ ಗದಗದಿಂದ ಫೋನು ಬಂತು. ಅದೇ ನಿಮಿಷದಲ್ಲಿ ಡೊಂಬಿವಲಿಯ ಮನೆಯಿಂದ ಸೇವೆ ಸಲ್ಲಿಸುವ ನಮ್ಮ ಸ್ವಯಂಸೇವಕಿಯವರಿಗೆ ಕುಮಟೆಯಿಂದ ಫೋನು ಬಂತು. ಇಬ್ಬರೂ ತೆರೆಯನ್ನು ನೋಡಿದರು. ಮೂರನೆಯ ಕೋಣೆ ಖಾಲಿ ಎಂದಿತು. ಇಬ್ಬರೂ ಹೆಸರು, ಊರು, ರೋಗಿಯ ವಯಸ್ಸು ತುಂಬಿದರು. ಇಬ್ಬರೂ 'ಉಳಿಸು' ಎಂಬ ಗುಂಡಿಯನ್ನು ಒತ್ತಿದರು. ಇಬ್ಬರಿಗೂ 'ಆಯಿತು' ಎಂದು ಹಸಿರು ಅಕ್ಷರದಲ್ಲಿ ಉತ್ತರ ಬಂತು.

ಪ್ರೋಗ್ರಾಮು ಬರೆದುಕೊಟ್ಟ ತರುಣ ಸದಸ್ಯರು ಇದನ್ನು ನಂಬಲೇ ಇಲ್ಲ. "ಸರ್, ಬರೆಯುವುದಕ್ಕೆ ಮೊದಲು ಖಾಲಿ ಇದೆಯೇ ಎಂದು ನಾನು ಇನ್ನೊಮ್ಮೆ ಕೇಳಿಯೇ ಬರೆಯುತ್ತೇನೆ" ಎಂದರು. ಕೇಳುವುದು ನಿಜ. ಆದರೆ ಕೇಳುವುದು ಒಂದು ಕೆಲಸ, ಬರೆಯುವುದು ಇನ್ನೊಂದು ಕೆಲಸ. ನಡುವಿನ ತೆರಪು ಕಣ್ಣೆವೆಯಿಕ್ಕುವಷ್ಟೂ ಇಲ್ಲದಿರಬಹುದು; ಇದ್ದರೆ ಸಾಕು, ಅದರೊಳಗೆ ಇನ್ನೊಬ್ಬರು ನುಸುಳಬಹುದು. ನಮ್ಮೂರಿನ ಬಸ್ ನಿಲ್ದಾಣವನ್ನು ನೆನಪಿಗೆ ತಂದುಕೊಳ್ಳಿ. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಲ್ಲಿ ಇಣುಕಿ, ಸೀಟು ಖಾಲಿ ಇದೆ ಎಂದು ಕಂಡುಕೊಂಡು, ಬಾಗಿಲಿನ ಕಡೆಗೆ ಓಡುವವನು ಪೆದ್ದ. ಆ ಬದಿಯ ಕಿಟಕಿಯಿಂದ ಇನ್ನೊಬ್ಬನೂ ಅದೇ ಸೀಟನ್ನು ಖಾಲಿ ಎಂದು ಕಂಡಿರುತ್ತಾನೆ. ಅನುಭವಸ್ಥರು ಇಣುಕುವುದಿಲ್ಲ, ನೇರವಾಗಿ ಟವೆಲು ಹಾಕುತ್ತಾರೆ. ಟವೆಲು ಬಿದ್ದರೆ ಸೀಟು ತಮ್ಮದು. ಅಲ್ಲಿ ಆಗಲೇ ಇನ್ನೊಂದು ಟವೆಲಿದ್ದರೆ ಬೇರೆ ಸೀಟು.

ನಮ್ಮ ಪ್ರೋಗ್ರಾಮು ಇಣುಕಿ ಓಡುತ್ತಿತ್ತು. ಅಷ್ಟೇ ಅಲ್ಲ, ಒಂದೇ ಸೀಟಿನ ಮೇಲೆ ಎರಡು ಟವೆಲು ಬಿದ್ದರೂ ಬೇಡವೆನ್ನುವವರು ಯಾರೂ ಇರಲಿಲ್ಲ. ಬೇಡವೆನ್ನಬೇಕಾದುದು ಮಾಹಿತಿಯನ್ನೆಲ್ಲ ಕಾಪಾಡುವ ಡೇಟಾಬೇಸು. ಇಂಥ ಸಾಲು ಒಂದೇ ಇರತಕ್ಕದ್ದು, ಎರಡನೆಯದನ್ನು ಒಳಗೆ ಬಿಡತಕ್ಕದ್ದಲ್ಲ ಎಂದು ಅದಕ್ಕೆ ಮೊದಲೇ ಆಜ್ಞೆ ಮಾಡಿಡಬಹುದು. ಅದಕ್ಕೆ ಯುನೀಕ್ ಕೀ ಎಂದು ಹೆಸರು. ಅನನ್ಯ ಕೀಲಿ ಎಂದು ನಾವು ಕನ್ನಡಿಸಿಕೊಂಡಿದ್ದೇವೆ. ಇದಕ್ಕಿಂತ ಒಳ್ಳೆಯ ಮಾತು ವಾಚಕರಿಗೆ ಹೊಳೆದರೆ ಕಾರ್ಡು ಬರೆಯಬಹುದು. ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಟ್ಟು ಪ್ರತಿಯೊಂದು ಸಾಲನ್ನೂ ಒಂದು ಕೀಲಿಯಿಂದ ಗುರುತಿಸುವ ಕ್ರಮವನ್ನು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞರು 1970ರ ತಮ್ಮ ಲೇಖನದಲ್ಲಿ ವಿವರಿಸಿದರು. ಇಂದಿನ ಬಹುಪಾಲು ಬ್ಯಾಂಕುಗಳ, ಅಂಗಡಿಗಳ ಲೆಕ್ಕ ನಿಂತಿರುವುದು ಅದೇ ತಳಹದಿಯ ಮೇಲೆ. ಹಲವರು ಏಕಕಾಲಕ್ಕೆ ಬರೆಯುವಾಗ ಒಬ್ಬೊಬ್ಬರ ಕೆಲಸವನ್ನು ಒಂದೊಂದು ಪೂರ್ಣ ವ್ಯವಹಾರವೆಂದು ಎಣಿಸಿ, ಆದರೆ ಪೂರ್ತಿ ಆಗಬೇಕು, ಇಲ್ಲವಾದರೆ ಏನೂ ಆಗಿರಬಾರದು ಎಂಬ ಶಿಸ್ತನ್ನು ಬೆಳೆಸಿದವರಲ್ಲಿ ಜಿಮ್ ಗ್ರೇ ಮುಖ್ಯರು. ಆ ಮಹಾನುಭಾವರು 2007ರಲ್ಲಿ ತಮ್ಮ ಹಾಯಿದೋಣಿಯಲ್ಲಿ ಒಬ್ಬರೇ ಸಮುದ್ರಕ್ಕೆ ಹೋದವರು ಹಿಂದಿರುಗಲೇ ಇಲ್ಲ.

ನಮ್ಮ ತರುಣರು ಕೋಣೆ ಮತ್ತು ರಾತ್ರಿ ಇವೆರಡನ್ನೂ ಸೇರಿಸಿ ಒಂದು ಅನನ್ಯ ಕೀಲಿ ಮಾಡಲು ಹೊರಟರು. ಡೇಟಾಬೇಸು ಒಪ್ಪಲಿಲ್ಲ. ಹಳೆಯ ಸಾಲುಗಳಲ್ಲಿ ಆಗಲೇ ಜೋಡಿಗಳಿದ್ದರೆ ಅದು ಕೀಲಿಯನ್ನು ಹಾಕಗೊಡುವುದಿಲ್ಲ. ಹುಡುಕಿದರೆ ಇನ್ನೂ ನಾಲ್ಕು ಜೋಡಿಗಳು ಸಿಕ್ಕವು. ಆಗೆಲ್ಲ ಇಬ್ಬರಲ್ಲಿ ಒಬ್ಬರು ಬಾರದೆ ಹೋದದ್ದರಿಂದ ನಮ್ಮ ಮಾನ ಉಳಿದಿತ್ತು, ಅಷ್ಟೆ.

ಕೀಲಿ ಹಾಕಿದ ಮೇಲೆ ಒಳಗೆ ನಡೆಯುವುದು ಸೊಗಸಾಗಿದೆ. ಇಬ್ಬರು ಒಂದೇ ಕೋಣೆಗೆ ಬರೆಯಲು ಬಂದರು ಎನ್ನೋಣ. ಮೊದಲನೆಯವರು ಬರೆದಿದ್ದಾರೆ, ಆದರೆ ಅವರ ವ್ಯವಹಾರ ಇನ್ನೂ ಪೂರ್ತಿಯಾಗಿ ಮುಗಿದಿಲ್ಲ. ಆಗ ಡೇಟಾಬೇಸು ಎರಡನೆಯವರಿಗೆ ಹೂಂ ಎನ್ನುವುದಿಲ್ಲ, ಉಹೂಂ ಎಂದೂ ಹೇಳುವುದಿಲ್ಲ, ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತದೆ. ಮೊದಲನೆಯವರ ವ್ಯವಹಾರ ಖಾಯಂ ಆದರೆ ಎರಡನೆಯವರಿಗೆ 'ಈ ಕೀಲಿ ಆಗಲೇ ಇದೆ' ಎಂಬ ತಪ್ಪೋಲೆ ಸಿಗುತ್ತದೆ. ಮೊದಲನೆಯವರು ಮನಸ್ಸು ಬದಲಿಸಿ ರದ್ದು ಮಾಡಿದರೆ ಎರಡನೆಯವರ ಬರಹ ನಿಲ್ಲುತ್ತದೆ. ಹೀಗೆ ತೀರ್ಪು ಕೊಡಬಲ್ಲವರು ಬಾಗಿಲಲ್ಲಿ ನಿಂತ ಆ ಕಾವಲುಗಾರರೊಬ್ಬರೇ. ಕಿಟಕಿಯಲ್ಲಿ ಎಷ್ಟು ಸಲ ಇಣುಕಿದರೂ ಅದು ತೀರ್ಪಾಗದು.

ಇಲ್ಲಿಗೆ ಕಥೆ ಮುಗಿಯಿತೆಂದು ನಾವು ತಿಳಿದೆವು. ನಿಜವಾದ ಪೇಚಾಟ ಆರಂಭವಾದದ್ದು ಇಲ್ಲಿಂದ.

ಕೀಲಿ ಹಾಕಿದ ಮೂರನೆಯ ದಿನ ಡೊಂಬಿವಲಿಯ ತಾಯಿಯವರ ತೆರೆಯ ಮೇಲೆ ಕೆಂಪು ಅಕ್ಷರದಲ್ಲಿ ನಾಲ್ಕು ಸಾಲು ಇಂಗ್ಲಿಷು, ನಡುವೆ 23505 ಎಂಬ ಸಂಖ್ಯೆ. "ತಮ್ಮಾ, ನಿನ್ನ ಯಂತ್ರ ನನ್ನನ್ನು ಬೈಯುತ್ತಿದೆ ನೋಡು" ಎಂದು ಅವರು ಫೋನು ಮಾಡಿದರು. ನಾವು ಬಳಸುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸು. ಜೋಡಿ ಕೀಲಿಗೆ ಅದು ಹೇಳುವ ಸಂಕೇತ 23505. ಮೈಎಸ್‌ಕ್ಯೂಎಲ್ ಬಳಸುವ ಕಚೇರಿಗಳಲ್ಲಿ ಅದೇ ಮಾತಿಗೆ 1062 ಎಂಬ ಸಂಖ್ಯೆ. ತರುಣರು ಅದನ್ನು ತಪ್ಪೆಂದೇ ಭಾವಿಸಿ ನಾಚಿಕೊಂಡರು. ನಮ್ಮ ಖಜಾಂಚಿಗಳಂತೂ, ಮೊದಲು ಕಂಪ್ಯೂಟರು ಚೆನ್ನಾಗಿತ್ತು, ರಿಪೇರಿ ಮಾಡಿದ ಮೇಲೆ ಕೆಟ್ಟಿತು ಎಂದು ಸಾರಿದರು. ನಮಗೆ ಹಾಗೆ ತೋರಲಿಲ್ಲ. ಮೊದಲು ಅದು ಇಬ್ಬರಿಗೂ ನಗುನಗುತ್ತಾ ಸುಳ್ಳು ಹೇಳುತ್ತಿತ್ತು. ಈಗ ಒಬ್ಬರಿಗಾದರೂ ಮುಖ ಗಂಟಿಕ್ಕಿ ನಿಜ ಹೇಳಿತು. ಆ ನಿಜವನ್ನು ಮನುಷ್ಯರಿಗೆ ತಿಳಿಯುವ ಮಾತಿನಲ್ಲಿ ಹೇಳುವ ಕೆಲಸ ಮಾತ್ರ ಬಾಕಿ.

ಆ ಬಾಕಿ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ನಡುವೆ ನಾವು ಮಾಡಿಕೊಂಡ ಅನಾಹುತಗಳನ್ನೂ ಮುಚ್ಚಿಡುವುದಿಲ್ಲ.

ಮೊದಲು ತರುಣರು ಒಂದು ಸುಲಭೋಪಾಯ ತಂದರು. ಕೀಲಿ ಇಲ್ಲದಿದ್ದರೆ ಹೊಸ ಸಾಲು ಬರೆ, ಇದ್ದರೆ ಆ ಸಾಲನ್ನೇ ತಿದ್ದು ಎಂಬ ಒಂದೇ ಆಜ್ಞೆ ಡೇಟಾಬೇಸುಗಳಲ್ಲಿದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದು ಬಹಳ ಹಿಂದಿನಿಂದ ಇದೆ. ಪೋಸ್ಟ್‌ಗ್ರೆಸ್‌ಗೆ 2016ರ ಜನವರಿಯಲ್ಲಿ ಹೊರಬಂದ 9.5ನೆಯ ಆವೃತ್ತಿಯಲ್ಲಿ 'ಆನ್ ಕಾನ್‌ಫ್ಲಿಕ್ಟ್' ಎಂಬ ಮಾತಿನೊಡನೆ ಬಂತು. ಒಳ್ಳೆಯ ಸಾಧನವೇ. ಗ್ರಂಥಾಲಯದಲ್ಲಿ ಸದಸ್ಯರ ಹೊಸ ವಿಳಾಸವನ್ನು ಬರೆದುಕೊಳ್ಳಲು, ಅಂಗಡಿಯಲ್ಲಿ ಸರಕಿನ ಎಣಿಕೆಯನ್ನು ಕೂಡಿಸಲು ಹೇಳಿ ಮಾಡಿಸಿದಂತಿದೆ. ಕೆಂಪು ಅಕ್ಷರಗಳು ಮಾಯವಾದವು, ಎಲ್ಲರೂ ತರುಣರ ಬೆನ್ನು ತಟ್ಟಿದೆವು. ಆದರೆ ಆಮೇಲೆ ರಾತ್ರಿ ಕುಳಿತು ಯೋಚಿಸಿದಾಗ ನಮಗೆ ಬೆವರು ಬಂತು. ಗದಗದವರು ಮೊದಲು ಬರೆಸಿ, ಕುಮಟೆಯವರು ಆಮೇಲೆ ಬರೆಸಿದ್ದರೆ ಈ ಆಜ್ಞೆ ಏನು ಮಾಡುತ್ತದೆ? ಗದಗದವರ ಹೆಸರನ್ನು ಅಳಿಸಿ ಅಲ್ಲಿ ಕುಮಟೆಯವರ ಹೆಸರನ್ನು ಬರೆಯುತ್ತದೆ. ಯಾರಿಗೂ ತಪ್ಪೋಲೆ ಇಲ್ಲ. ದಫ್ತರದಲ್ಲಿ ಒಂದೇ ಹೆಸರು. ಗದಗದವರು ಬಂದು ನಿಂತರೆ, ನೀವು ಬರೆಸಿಯೇ ಇಲ್ಲವಲ್ಲ ಎಂದು ನಾವು ಅವರಿಗೇ ಹೇಳುತ್ತಿದ್ದೆವು. ಮೊದಲಿನ ತಪ್ಪಿಗೆ ಸಾಕ್ಷಿಯಾದರೂ ಇತ್ತು. ಈ ತಪ್ಪು ಸಾಕ್ಷಿಯನ್ನೂ ಒರೆಸಿಬಿಡುತ್ತದೆ. ಬೆಳಗಾಗುವುದರೊಳಗೆ ಅದನ್ನು ತೆಗೆಸಿದೆವು. ತಪ್ಪನ್ನು ಕಡೆಗಣಿಸಿ ಮುಂದೆ ಹೋಗು ಎಂಬ 'ಇನ್ಸರ್ಟ್ ಇಗ್ನೋರ್' ಎಂಬ ಆಜ್ಞೆಯೂ ಮೈಎಸ್‌ಕ್ಯೂಎಲ್‌ನಲ್ಲಿದೆಯಂತೆ. ಅದು ಜೋಡಿ ಕೀಲಿಯನ್ನು ಮಾತ್ರವಲ್ಲದೆ ಬೇರೆ ಕೆಲವು ತಪ್ಪುಗಳನ್ನೂ ಎಚ್ಚರಿಕೆಯ ಮಟ್ಟಕ್ಕೆ ಇಳಿಸಿ ನುಂಗಿಕೊಳ್ಳುತ್ತದೆ. ಮನೆಗೆಲಸದಲ್ಲಿ ಕಸವನ್ನು ಜಮಖಾನೆಯ ಕೆಳಗೆ ತಳ್ಳುವವರಿಗೆ ಅದು ರುಚಿಸೀತು.

ಎರಡನೆಯ ಪ್ರಯತ್ನ: ತಪ್ಪೋಲೆ ಬಂದರೆ ಅದನ್ನು ಹಿಡಿದುಕೊಂಡು, ಕೇಳಿದವರ ಹೆಸರನ್ನು ಕಾಯುವ ಪಟ್ಟಿಗೆ ಬರೆದುಬಿಡುವುದು. ಯೋಚನೆ ಸರಿ, ಆಚರಣೆ ಕೈಕೊಟ್ಟಿತು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ವ್ಯವಹಾರದ ನಡುವೆ ಒಂದು ತಪ್ಪು ಬಂದಿತೆಂದರೆ ಇಡೀ ವ್ಯವಹಾರವೇ ಮೈಲಿಗೆ. ಅದನ್ನು ರದ್ದು ಮಾಡುವವರೆಗೆ ಮುಂದಿನ ಯಾವ ಮಾತನ್ನೂ ಅದು ಕೇಳುವುದಿಲ್ಲ. ಕಾಯುವ ಪಟ್ಟಿಗೆ ಬರೆಯಲು ಹೋದರೆ 25P02 ಎಂಬ ಇನ್ನೊಂದು ತಪ್ಪು. ಹಾಗಾಗಿ ಜಗಳವಾಗಬಹುದಾದ ಜಾಗಕ್ಕೆ ಮೊದಲೇ 'ಸೇವ್‌ಪಾಯಿಂಟ್' ಎಂಬ ಒಂದು ಗೂಟ ನೆಟ್ಟು, ತಪ್ಪಾದರೆ ಆ ಗೂಟದವರೆಗೆ ಮಾತ್ರ ಹಿಂದೆ ಬರಬೇಕು. ಇಲ್ಲವೇ ಹಳೆಯದನ್ನು ಬಿಟ್ಟು ಹೊಸ ವ್ಯವಹಾರವನ್ನೇ ಆರಂಭಿಸಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಹೀಗಿಲ್ಲ: ಜೋಡಿ ಕೀಲಿಯ ಆ ಒಂದು ವಾಕ್ಯ ಮಾತ್ರ ಬಿದ್ದುಹೋಗುತ್ತದೆ, ವ್ಯವಹಾರ ಉಳಿಯುತ್ತದೆ. ಇದನ್ನು ಕೇಳಿ ಖಜಾಂಚಿಗಳು ಅದೇ ಒಳ್ಳೆಯದಲ್ಲವೇ ಎಂದರು. ನಮಗೆ ಪೋಸ್ಟ್‌ಗ್ರೆಸ್‌ನ ಮಡಿಯೇ ಮೇಲೆಂದು ತೋರುತ್ತದೆ. ಕೋಣೆ ಬರೆಯದೆ ಠೇವಣಿಯ ರಸೀತಿ ಮಾತ್ರ ಬರೆದುಕೊಂಡು ಮುಂದೆ ಹೋದ ವ್ಯವಹಾರ, ಹೆಣ್ಣಿಲ್ಲದೆ ಆದ ಮದುವೆಯಂತೆ.

ಇಷ್ಟಾದ ಮೇಲೆ ಬಂದದ್ದು ನಮ್ಮನ್ನು ನಿಜವಾಗಿ ನೋಯಿಸಿದ ಪ್ರಕರಣ.

ಆ ವರ್ಷದ ಅಕ್ಟೋಬರಿನಲ್ಲಿ ಅದೇ ಡೊಂಬಿವಲಿಯ ತಾಯಿಯವರು ಲೋಕಲ್ ಗಾಡಿಯಲ್ಲಿ ಬರುತ್ತಿದ್ದರು. ರಾಯಚೂರಿನಿಂದ ಒಬ್ಬ ಮಗ ಫೋನು ಮಾಡಿ, ತಂದೆಗೆ ಕೋಣೆ ಬೇಕೆಂದು ಅಂಗಲಾಚಿದ. ಇವರು ಮೊಬೈಲಿನಲ್ಲೇ ಎಲ್ಲ ತುಂಬಿ, ಒಂದನೆಯ ಕೋಣೆಗೆ 'ಉಳಿಸು' ಒತ್ತಿದರು. ಅಷ್ಟರಲ್ಲಿ ಸಂಪರ್ಕ ಹೋಯಿತು. ಚಕ್ರ ತಿರುಗುತ್ತಲೇ ಇತ್ತು, ಉತ್ತರವಿಲ್ಲ. ಸಂಪರ್ಕ ಬಂದ ಕೂಡಲೇ ಇನ್ನೊಮ್ಮೆ ಒತ್ತಿದರು. ಆಗ ನಮ್ಮ ಹೊಸ ಪ್ರೋಗ್ರಾಮು ಅಚ್ಚಗನ್ನಡದಲ್ಲಿ, 'ಈ ಕೋಣೆಯನ್ನು ಬೇರೆಯವರು ಆಗಲೇ ಕಾದಿರಿಸಿದ್ದಾರೆ' ಎಂದಿತು. ಬೇರೆ ಕೋಣೆಗಳೂ ಇರಲಿಲ್ಲ. ತಾಯಿಯವರು ವ್ಯಥೆಯಿಂದ ಇಲ್ಲವೆಂದು ತಿಳಿಸಿದರು. ರಾಯಚೂರಿನವರು ಬಂದು ಮೂರು ರಾತ್ರಿ ಆಸ್ಪತ್ರೆಯ ಹೊರಗಿನ ಕಾಲುದಾರಿಯಲ್ಲಿ ಕಳೆದರು. ಆ ಮೂರು ರಾತ್ರಿಯೂ ಒಂದನೆಯ ಕೋಣೆಗೆ ಬೀಗ ಹಾಕಿಯೇ ಇತ್ತು. ಯಾರ ಹೆಸರಿನಲ್ಲಿ? ಅವರದೇ ಹೆಸರಿನಲ್ಲಿ! ಮೊದಲ ಸಲ ಒತ್ತಿದ್ದೇ ಕಚೇರಿಗೆ ತಲುಪಿ ಕೋಣೆ ಬರೆದಾಗಿತ್ತು. ಹಿಂದಿರುಗಿದ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿತ್ತು. ಎರಡನೆಯ ಸಲ ಅವರಿಗೆ ಅಡ್ಡ ಬಂದ 'ಬೇರೆಯವರು' ಅವರೇ.

ತಾಯಿಯವರು ಈ ಸುದ್ದಿ ತಿಳಿದ ದಿನ ಊಟ ಮಾಡಲಿಲ್ಲವೆಂದು ಅವರ ಯಜಮಾನರು ನಮಗೆ ಹೇಳಿದರು. ತಪ್ಪು ಅವರದಲ್ಲ. ಆ ವಾಕ್ಯವನ್ನು ತರುಣರ ಕೈಯಲ್ಲಿ ಬರೆಸಿದವರು ನಾವೇ. ಕನ್ನಡ ಶುದ್ಧವಾಗಿದೆಯೇ ಎಂದು ಎರಡು ಸಲ ತಿದ್ದಿದ್ದೆವು. ಅದು ನಿಜವೇ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. 'ಈ ಕೀಲಿ ಆಗಲೇ ಇದೆ' ಎಂದಷ್ಟೇ ಡೇಟಾಬೇಸು ಹೇಳಿದ್ದು. 'ಬೇರೆಯವರದು' ಎಂಬುದನ್ನು ಸೇರಿಸಿದವರು ನಾವು.

ಒಂದೇ ತಪ್ಪೋಲೆಗೆ ಎರಡು ಅರ್ಥಗಳಿವೆ. ಎರಡನೆಯದಾಗಿ ಬಂದ ಕೋರಿಕೆ ಇನ್ನೊಬ್ಬರದಾದರೆ ಅರ್ಥ, ಕೋಣೆ ಇಲ್ಲ. ಅದೇ ಕೋರಿಕೆ ಇನ್ನೊಮ್ಮೆ ಬಂದಿದ್ದರೆ ಅರ್ಥ, ಕೋಣೆ ಆಗಲೇ ಸಿಕ್ಕಿದೆ. ಒಂದು ಪೂರ್ಣ ನಿರಾಶೆ, ಇನ್ನೊಂದು ಪೂರ್ಣ ಯಶಸ್ಸು. ಇವೆರಡನ್ನು ಬೇರ್ಪಡಿಸುವುದು ಹೇಗೆ? ಹೆಸರು ಹೋಲಿಸಿದರೆ ಸಾಲದು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಎಷ್ಟಿಲ್ಲ? ಈಗ ಮೊಬೈಲು, ನಮೂನೆಯನ್ನು ತೆರೆದ ಕೂಡಲೇ ಒಂದು ದೊಡ್ಡ ಸಂಕೇತವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಬಿಲ್ಲೆಯಂತೆ. ಎಷ್ಟು ಸಲ ಗುಂಡಿ ಒತ್ತಿದರೂ ಅದೇ ಬಿಲ್ಲೆ ಹೋಗುತ್ತದೆ. ಕೋಣೆಯ ಸಾಲಿನಲ್ಲಿ ಬಿಲ್ಲೆಯನ್ನೂ ಬರೆಯುತ್ತಾರೆ. ತಪ್ಪೋಲೆ ಬಂದಾಗ ಪ್ರೋಗ್ರಾಮು ಮೊದಲು ಹೋಗಿ, ಅಲ್ಲಿ ಈಗಾಗಲೇ ಇರುವ ಸಾಲಿನ ಬಿಲ್ಲೆ ಯಾವುದೆಂದು ಓದುತ್ತದೆ. ತನ್ನದೇ ಆಗಿದ್ದರೆ 'ಕೋಣೆ ನಿಮ್ಮ ಹೆಸರಿನಲ್ಲಿದೆ' ಎನ್ನುತ್ತದೆ. ಬೇರೆಯದಾಗಿದ್ದರೆ ಮಾತ್ರ 'ಬೇರೆಯವರು' ಎನ್ನುತ್ತದೆ.

ಈ ಓದುವ ಕೆಲಸದಲ್ಲಿ ಕೂಡ ಒಂದು ಮುಳ್ಳಿದೆ, ಈ ಉದ್ಯೋಗದ ಮಕ್ಕಳಿಗಾಗಿ ಹೇಳುತ್ತೇವೆ. ತಾನು ಆರಂಭವಾದಾಗಿನ ಹಳೆಯ ನೋಟವನ್ನೇ ಹಿಡಿದು ಕುಳಿತಿರುವ ವ್ಯವಹಾರಕ್ಕೆ, ಈಗ ತಾನೆ ಇನ್ನೊಬ್ಬರು ಬರೆದ ಸಾಲು ಕಾಣಿಸದೆ ಹೋಗಬಹುದು. ಮೈಎಸ್‌ಕ್ಯೂಎಲ್‌ನ ಮಾಮೂಲು ಕ್ರಮವೇ ಅಂಥದು. ಬರೆಯಲು ಹೋದರೆ 'ಇದೆ' ಎನ್ನುತ್ತದೆ, ಓದಲು ಹೋದರೆ 'ಇಲ್ಲ' ಎನ್ನುತ್ತದೆ. ಕೇಳುವವರಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಆದಕಾರಣ ಹೊಸ ವ್ಯವಹಾರವನ್ನು ಆರಂಭಿಸಿಯೇ ಓದಬೇಕು. ಇನ್ನೊಂದು: ತಪ್ಪೋಲೆಯ ಇಂಗ್ಲಿಷು ವಾಕ್ಯವನ್ನು ಅಕ್ಷರ ಹಿಡಿದು ಹುಡುಕಬಾರದು, ಭಾಷೆ ಬದಲಾದರೆ ವಾಕ್ಯವೂ ಬದಲಾಗುತ್ತದೆ. ಸಂಕೇತದ ಸಂಖ್ಯೆಯನ್ನೂ ಮುರಿದ ಕೀಲಿಯ ಹೆಸರನ್ನೂ ನೋಡಬೇಕು. ಏಕೆಂದರೆ ನಮ್ಮಲ್ಲಿ ರಸೀತಿಯ ಸಂಖ್ಯೆಗೂ ಒಂದು ಕೀಲಿ ಇದೆ. ರಸೀತಿಯ ಜಗಳಕ್ಕೆ ಕೋಣೆ ಇಲ್ಲವೆಂದು ಹೇಳಿದರೆ ಇನ್ನೊಂದು ಕಾಲುದಾರಿಯ ಕಥೆಯಾಗುತ್ತದೆ.

ಒಬ್ಬೊಬ್ಬರು ಹಲವು ರಾತ್ರಿ ತಂಗುವುದರಿಂದ ಇನ್ನೊಂದು ತೊಡಕು. ಒಂದೊಂದು ರಾತ್ರಿಗೂ ಒಂದೊಂದು ಸಾಲು ಬರೆಯುತ್ತೇವೆ. ಒಬ್ಬರು ಐದನೆಯ ತಾರೀಖನ್ನು ಬರೆದು ಆರನೆಯದಕ್ಕೆ ಕೈಹಾಕುವಾಗ, ಇನ್ನೊಬ್ಬರು ಆರನೆಯದನ್ನು ಬರೆದು ಐದನೆಯದಕ್ಕೆ ಕೈಹಾಕಿದರೆ? ಇವರು ಅವರಿಗೆ ಕಾಯುತ್ತಾರೆ, ಅವರು ಇವರಿಗೆ ಕಾಯುತ್ತಾರೆ. ಓಣಿಯಲ್ಲಿ ಎದುರು ಬದುರಾದ ಎರಡು ಚಕ್ಕಡಿಯ ಹಾಗೆ. ಡೇಟಾಬೇಸು ಇದನ್ನು ಪತ್ತೆ ಹಚ್ಚಿ ಒಂದು ಚಕ್ಕಡಿಯನ್ನು ಹಿಂದಕ್ಕೆ ಕಳಿಸುತ್ತದೆ. ಎಲ್ಲರೂ ತಾರೀಖಿನ ಕ್ರಮದಲ್ಲೇ ಬರೆಯುವಂತೆ ಮಾಡಿದ ಮೇಲೆ ಇದು ಬಹುಮಟ್ಟಿಗೆ ನಿಂತಿದೆ. ಹಾಗೆ ಹಿಂದಕ್ಕೆ ಕಳಿಸಿದಾಗ ಪ್ರೋಗ್ರಾಮು ಸ್ವಲ್ಪ ತಡೆದು ಇಡೀ ವ್ಯವಹಾರವನ್ನು ಮತ್ತೆ ಮಾಡಬಹುದು, ಅದು ನ್ಯಾಯ. ಜೋಡಿ ಕೀಲಿಗೆ ಮಾತ್ರ ಕಣ್ಣು ಮುಚ್ಚಿ ಮತ್ತೆ ಮತ್ತೆ ಯತ್ನಿಸುವುದು ವ್ಯರ್ಥ. ಟವೆಲು ಬಿದ್ದ ಸೀಟಿನ ಮೇಲೆ ಇನ್ನೂ ಹತ್ತು ಸಲ ಟವೆಲು ಹಾಕಿದರೆ ಸೀಟು ನಮ್ಮದಾದೀತೇ?

ಖಜಾಂಚಿಗಳ ಒಂದು ದೂರನ್ನೂ ಇಲ್ಲೇ ತೀರಿಸಿಬಿಡುತ್ತೇವೆ. ರಸೀತಿಯ ಪಟ್ಟಿಯಲ್ಲಿ 211ರ ನಂತರ 214 ಬಂದಿದೆ, ನಡುವಿನ ಎರಡು ರಸೀತಿಯ ಹಣ ಎಲ್ಲಿ ಎಂದು ಅವರು ಸಭೆಯಲ್ಲಿ ಎದ್ದು ನಿಂತದ್ದು ಹಲವರಿಗೆ ನೆನಪಿರಬಹುದು. ಯಾರೂ ಹಣ ತಿಂದಿಲ್ಲ. ಡೇಟಾಬೇಸು ಕೊಡುವ ಕ್ರಮಸಂಖ್ಯೆ ಒಮ್ಮೆ ಕೈಬಿಟ್ಟರೆ ಹೋಯಿತು. ವ್ಯವಹಾರ ರದ್ದಾದರೂ ಸಂಖ್ಯೆ ಹಿಂದಿರುಗುವುದಿಲ್ಲ. ಹಿಂದಿರುಗಿಸಬೇಕೆಂದರೆ ಮೊದಲನೆಯವರು ಮುಗಿಸುವವರೆಗೆ ಉಳಿದವರೆಲ್ಲ ಸರದಿ ನಿಲ್ಲಬೇಕಾಗುತ್ತದೆ. ಕೊನೆಯ ಸಂಖ್ಯೆಗೆ ಒಂದು ಕೂಡಿಸಿ ಬರೆಯಿರಿ ಎಂದು ಖಜಾಂಚಿಗಳು ಸೂಚಿಸಿದರು. ಅದು ಮತ್ತೆ ಕಿಟಕಿಯಲ್ಲಿ ಇಣುಕುವ ಉಪಾಯವೇ: ಇಬ್ಬರೂ 211 ಎಂದು ನೋಡುತ್ತಾರೆ, ಇಬ್ಬರೂ 212 ಎಂದು ಬರೆಯಲು ಹೋಗುತ್ತಾರೆ. ಲೆಕ್ಕ ಪರಿಶೋಧಕರಿಗಾಗಿ ಈಗ ರದ್ದಾದ ಸಂಖ್ಯೆಗಳನ್ನು ಬೇರೊಂದು ಪಟ್ಟಿಯಲ್ಲಿ ಕಾರಣದೊಡನೆ ಇಡುತ್ತಿದ್ದೇವೆ. ಖಜಾಂಚಿಗಳು ಒಪ್ಪಿದ್ದಾರೆ, ಸಂತೋಷಪಟ್ಟಿಲ್ಲ.

ರಾಯಚೂರಿನ ಆ ತಂದೆ ಮುಂದಿನ ಚಿಕಿತ್ಸೆಗೆ 2024ರ ಜನವರಿಯಲ್ಲಿ ಮತ್ತೆ ಬಂದರು. ಒಂದನೆಯ ಕೋಣೆಯನ್ನೇ ಕೊಟ್ಟೆವು. ಕೋಣೆ ಬರೆಸಲು ಮಗ ಫೋನು ಮಾಡಿದಾಗಲೂ ಸಂಪರ್ಕ ಕಡಿದು, ತಾಯಿಯವರು ಮೂರು ಸಲ ಗುಂಡಿ ಒತ್ತಿದ್ದರಂತೆ. ಮೂರನೆಯ ಸಲದ ಉತ್ತರವನ್ನು ಅವರು ಫೋನಿನಲ್ಲೇ ಗಟ್ಟಿಯಾಗಿ ಓದಿ ಹೇಳಿದರು: 'ಕೋಣೆ ನಿಮ್ಮ ಹೆಸರಿನಲ್ಲಿದೆ.'

ಕೋಣೆ ಬೇಕಾದವರಿಗೆ ಒಂದು ಸೂಚನೆ. ಒಂದೇ ಕುಟುಂಬದಿಂದ ಅಣ್ಣ ಒಬ್ಬರಿಗೆ, ಭಾವ ಇನ್ನೊಬ್ಬರಿಗೆ, ಹೀಗೆ ನಮ್ಮ ಇಬ್ಬರು ಸ್ವಯಂಸೇವಕರಿಗೆ ಬೇರೆ ಬೇರೆ ಫೋನು ಮಾಡಬೇಡಿರಿ. ಆಗ ಬಿಲ್ಲೆಗಳು ಎರಡಾಗುತ್ತವೆ, ಎರಡು ಕೋಣೆಗಳು ಒಂದೇ ಮನೆಯವರ ಪಾಲಾಗುತ್ತವೆ. ಇದನ್ನು ಹಿಡಿಯುವ ಕೀಲಿಯನ್ನು ನಾವು ಇನ್ನೂ ಹಾಕಿಲ್ಲ. ರೋಗಿಯ ಆಸ್ಪತ್ರೆಯ ಚೀಟಿಯ ಸಂಖ್ಯೆಯನ್ನು ಕೀಲಿಯಾಗಿ ಮಾಡಬಹುದೆಂದು ತರುಣರು ಹೇಳುತ್ತಾರೆ, ಮೊದಲ ಸಲ ಬರುವವರ ಬಳಿ ಚೀಟಿಯೇ ಇರುವುದಿಲ್ಲವೆಂದು ವ್ಯವಸ್ಥಾಪಕರು ಹೇಳುತ್ತಾರೆ. ಈ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ವಿಷಯ ಚರ್ಚೆಗೆ ಬರಲಿದೆ.